ಹನ್ನೊಂದು ಹುಂಜದ ನ್ಯಾಯ

ಶಾಲೆಯಲ್ಲಿ ನಮಗೆಲ್ಲ ಹೇಳಿದ ಕಥೆಯೊಂದಿದೆ. ಒಬ್ಬಳು ಮುದುಕಿ, ಅವಳದೊಂದು ಹುಂಜ, ಒಂದು ಅಗ್ಗಿಷ್ಟಿಕೆ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುವುದು, ತನ್ನ ಕೆಂಡದಿಂದಲೇ ಊರಿನ ಒಲೆ ಹತ್ತುವುದು ಅಂತ ಅವಳ ಜಂಬ. ಒಂದು ದಿನ ಸಿಟ್ಟಾಗಿ ಎರಡನ್ನೂ ಎತ್ತಿಕೊಂಡು ಕಾಡಿಗೆ ಹೋಗುತ್ತಾಳೆ. ಊರಿಗೆ ಬೆಳಗಾಗಿಯೇ ಆಗುತ್ತದೆ. ಮಕ್ಕಳು ನಗಬೇಕು. ನಾವೂ ನಕ್ಕೆವು. ಆ ಮುದುಕಿ ಯಾವ ಕೇರಿಯವಳು, ಊರಿನ ಮೇಲೆ ಅವಳಿಗೆ ಯಾಕೆ ಸಿಟ್ಟು ಬಂತು, ಅದನ್ನು ಮೇಷ್ಟ್ರು ಹೇಳಲಿಲ್ಲ.

ನಮ್ಮ ಕೇರಿಯ ಮುದುಕಿಯರಿಗೆ ಅಂಥ ಜಂಬವೇನೂ ಇಲ್ಲ. ಹುಂಜ ಕೂಗದಿದ್ದರೂ ಬೆಳಗಾಗುತ್ತದೆ ಅಂತ ಅವರಿಗೆ ಗೊತ್ತು. ಬೆಳಗಾಗುವ ಮುಂಚೆಯೇ ಎದ್ದು ಕೆಲಸಕ್ಕೆ ಹೋಗುವವರು ಅವರು. ಆದರೆ 2025ರ ಜೂನ್ ತಿಂಗಳಲ್ಲಿ ಅವರ ಹುಂಜಗಳ ಮೇಲೆ ಪಂಚಾಯ್ತಿಗೆ ಅರ್ಜಿ ಬಂತು.

ನಮ್ಮೂರು ಮೈಸೂರಿನ ಹೊರವಲಯದ್ದು. ಊರು, ಊರಾಚೆಗೆ ಕೇರಿ, ಕೇರಿಯಾಚೆಗೆ ಹೊಲ, ಹೀಗಿತ್ತು. ಆ ಹೊಲ ಈಗ ಬಡಾವಣೆ. ಕೇರಿಗೂ ಬಡಾವಣೆಗೂ ನಡುವೆ ಆಳೆತ್ತರದ ಒಂದು ಕಾಂಪೌಂಡು. ಆ ಹೊಲದಲ್ಲೇ ನಮ್ಮ ತಾತ ಜೀತಕ್ಕಿದ್ದ. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂತು, ತಾತ ಬಿಡುಗಡೆಯಾದದ್ದು ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. ಮೊದಲ ಕೋಳಿ ಕೂಗಿಗೆ ಎದ್ದು ದನದ ಕೊಟ್ಟಿಗೆ ಬಾಚಬೇಕಿತ್ತಂತೆ. ಎರಡನೇ ಕೋಳಿಗೆ ಹೋದರೆ ಬೈಗುಳ, ಹೊತ್ತು ಹುಟ್ಟಿದ ಮೇಲೆ ಹೋದರೆ ಬಾರುಕೋಲು. ತಾತನಿಗೆ ಹುಂಜ ಕಂಡರೆ ಆಗುತ್ತಿರಲಿಲ್ಲ. 'ಈ ನನ್ಮಗ ಗೌಡ್ರ ಕಡೆಯವ್ನು ಕನ' ಅನ್ನುತ್ತಿದ್ದನಂತೆ. ಹಾಗಂದರೂ ಮನೆಯಲ್ಲಿ ಹುಂಜ ತಪ್ಪಿದ್ದಿಲ್ಲ. ಆದ್ದರಿಂದ ಕೋಳಿ ಕೂಗನ್ನು ಹಾಡಿ ಹೊಗಳುವ ಪದ್ಯ ನಮ್ಮಿಂದ ಆಗುವುದಿಲ್ಲ. ಹಳ್ಳಿಯ ಮುಂಜಾವು, ಅರುಣೋದಯ, ಕುಕ್ಕುಟರಾಯ ಅಂತ ಬರೆದವರು ಆ ಹೊತ್ತಿನಲ್ಲಿ ಹೊದ್ದು ಮಲಗಿದ್ದವರು.

ಅರ್ಜಿ ಇಂಗ್ಲಿಷಿನಲ್ಲಿತ್ತು. ಕೇರಿಯಲ್ಲಿ ಬಿ.ಎ. ಮುಗಿಸಿದವರು ನಾವೇ ಮೊದಲಾದ್ದರಿಂದ ಓದಿ ಹೇಳುವ ಕೆಲಸ ನಮ್ಮ ಪಾಲಿಗೆ. ನಸುಕಿನ ನಿದ್ದೆ, ಹೃದ್ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು, ಹೀಗೆ ಒಂದೂವರೆ ಪುಟ. ಕೊನೆಗೆ ನ್ಯೂಸೆನ್ಸ್ ಅಂತ ಒಂದು ಮಾತು.

'ನೂಸೆನ್ಸು ಅಂದ್ರ ಏನ್ ಮಗ?' ಅವ್ವ ಕೇಳಿದಳು.

'ಕಾಟ ಕನವ್ವ.'

'ಯಾರ್ದು?'

ಇದಕ್ಕೆ ಅರ್ಥಕೋಶದಲ್ಲಿ ಉತ್ತರ ಇರಲಿಲ್ಲ. ಕೆಳಗೆ ಇಪ್ಪತ್ತಮೂರು ಸಹಿ. ಮನೆ ನಂಬರುಗಳನ್ನೂ ಹಾಕಿದ್ದರು. ಅವ್ವ ಅದರ ಮೇಲೆ ಬೆರಳಿಟ್ಟು ನಂಬರು ನಂಬರಾಗಿ ಓದಿಸಿದಳು. ಓದು ಬರದಿದ್ದರೂ ಆ ನಂಬರುಗಳೆಲ್ಲ ಅವಳಿಗೆ ಗೊತ್ತು. ಒಂಬತ್ತನೆಯದು ಅವಳು ಪಾತ್ರೆ ತಿಕ್ಕುವ ಮನೆ. ಹದಿನಾಲ್ಕನೆಯದು ಚಿಕ್ಕವ್ವನ ಮನೆಗೆಲಸದ್ದು. 'ಅಮ್ನೋರೂ ಸೈನ್ ಹಾಕವ್ರ' ಅಂದಳು. ಸಿಟ್ಟಿನಿಂದಲ್ಲ, ಲೆಕ್ಕ ಹಾಕುವವಳ ಹಾಗೆ. ಆ ಅಮ್ಮನವರೇ ಮೊಮ್ಮಗುವಿಗೆಂದು ತಿಂಗಳಿಗೆ ಎರಡು ಡಜನ್ ನಾಟಿ ಮೊಟ್ಟೆ ಇವಳ ಕೈಲಿ ತರಿಸುತ್ತಾರೆ.

ಹೋರಾಟ ಮಾಡೋಣ ಅಂತ ನಮ್ಮಲ್ಲಿ ಹುಡುಗರು ಎದ್ದರು. ಕೇರಿ ಮೊದಲು, ಬಡಾವಣೆ ಆಮೇಲೆ ಅನ್ನುವುದಕ್ಕೆ ಹಕ್ಕುಪತ್ರಗಳೇ ಇವೆ. ಒಬ್ಬ ಮೊಬೈಲಿನಲ್ಲಿ ಹುಡುಕಿ ತಂದ: ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮೊರಿಸ್ ಎಂಬ ಹುಂಜದ ಮೇಲೆ ನೆರೆಯವರು ಕೇಸು ಹಾಕಿದ್ದರು, 2019ರಲ್ಲಿ ನ್ಯಾಯಾಲಯ ಹುಂಜದ ಕಡೆಗೇ ತೀರ್ಪು ಕೊಟ್ಟಿತು, ಹಳ್ಳಿಯ ಸದ್ದು ವಾಸನೆಗಳನ್ನು ಕಾಪಾಡಲು 2021ರಲ್ಲಿ ಅಲ್ಲಿ ಕಾನೂನೇ ಆಯಿತು. ಇನ್ನೊಬ್ಬ ಹತ್ತಿರದ್ದು ತಂದ: ಕೇರಳದ ಅಡೂರಿನಲ್ಲಿ 2025ರ ಫೆಬ್ರುವರಿಯಲ್ಲಿ, ಬೆಳಗಿನ ಜಾವ ಮೂರಕ್ಕೆ ಕೂಗುವ ಹುಂಜದ ಮೇಲೆ ನೆರೆಯವರ ದೂರು ಹೋಗಿ, ಮಹಡಿಯ ಮೇಲಿನ ಕೋಳಿಗೂಡನ್ನು 14 ದಿನದಲ್ಲಿ ಬೇರೆಡೆಗೆ ಸಾಗಿಸಬೇಕು ಅಂತ ಕಂದಾಯ ಅಧಿಕಾರಿಯ ಆದೇಶ. ಒಂದು ಕಡೆ ಹುಂಜ ಗೆದ್ದಿತ್ತು, ಒಂದು ಕಡೆ ಸೋತಿತ್ತು. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳನ್ನೂ ನಾವು ಓದಿದೆವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಇದೇ ನಿಯಮದಲ್ಲಿ ಧ್ವನಿವರ್ಧಕದ ಮಾತೂ ಇದೆ. ಬಡಾವಣೆಯ ದೇವಸ್ಥಾನದ ಧ್ವನಿವರ್ಧಕ ಐದಕ್ಕೆ ಶುರುವಾಗುತ್ತದೆ. ನೀರಿನ ಟ್ಯಾಂಕರು ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುತ್ತದೆ. ಅವುಗಳ ಮೇಲೆ ಯಾರೂ ಅರ್ಜಿ ಬರೆದಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ನಾವು ಮನುಸ್ಮೃತಿಯ ಅನುವಾದ ತೆಗೆದು ಓದಿದ್ದೆವು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ಸುಟ್ಟ ಪುಸ್ತಕದಲ್ಲಿ ಏನಿದೆ ಅಂತ ನೋಡುವ ಆಸೆ. ಮೂರನೇ ಅಧ್ಯಾಯದಲ್ಲಿ, ಶ್ರಾದ್ಧದೂಟದ ಪ್ರಕರಣದಲ್ಲಿ, ಬ್ರಾಹ್ಮಣರು ಉಣ್ಣುವಾಗ ಯಾರ ಕಣ್ಣು ಬೀಳಬಾರದು ಅಂತ ಒಂದು ಪಟ್ಟಿ ಇದೆ. ಚಾಂಡಾಲ, ಊರಹಂದಿ, ಹುಂಜ, ನಾಯಿ ಎಲ್ಲ ಒಂದೇ ಪಂಕ್ತಿ. ಯಾರಿಂದ ಯಾವ ಬಗೆಯಲ್ಲಿ ಊಟ ಕೆಡುತ್ತದೆ ಅನ್ನುವುದೂ ಇದೆ: ಹಂದಿ ಮೂಸಿದರೆ, ನಾಯಿ ನೋಡಿದರೆ, ಕೀಳುಜಾತಿಯವನು ಮುಟ್ಟಿದರೆ. ಹುಂಜದ್ದು ರೆಕ್ಕೆಯ ಗಾಳಿಯಿಂದಂತೆ. ಕೂಗಿನಿಂದಲೂ ಕೆಡುತ್ತದೆ ಅನ್ನುವುದು ಆ ಪಟ್ಟಿ ಬರೆದವರಿಗೆ ಹೊಳೆದಿರಲಿಲ್ಲ.

ಇದನ್ನೆಲ್ಲ ಹೇಳಿ ಭಾಷಣ ಮಾಡಬಹುದಿತ್ತು. ಭಾಷಣದ ಮಾರನೇ ದಿನ ಅವ್ವ ಒಂಬತ್ತನೇ ನಂಬರಿನ ಗೇಟು ತೆಗೆಯಬೇಕು. ಕೇರಿಯ ಹದಿನೈದು ಹೆಂಗಸರ ಅನ್ನ ಆ ಕಾಂಪೌಂಡಿನಾಚೆ ಇದೆ. 'ಹುಂಜ ಉಳುಸ್ಕಂಡು ಕೆಲ್ಸ ಕಳ್ಕಳದಾ?' ಅಂತ ಚಿಕ್ಕವ್ವ ಕೇಳಿದಾಗ ಹುಡುಗರು ಸುಮ್ಮನಾದರು. ದೊಡ್ಡವ್ವ ಮಾತ್ರ, 'ಎಲ್ಲಾನೂ ಕೊಡಕಾಗಲ್ಲ. ಎಷ್ಟು ಬೇಕೋ ಅಷ್ಟು ಇಟ್ಕಳವ, ಯಾವ್ದು ಅನ್ನೋದ ನಾವೇ ನೋಡವ' ಅಂದಳು. ಅಂದು ಸಂಜೆ ಹೊಂಗೆಮರದ ಕೆಳಗೆ ಕೇರಿ ಕೂತಿತು. ಗಂಡಸರೂ ಇದ್ದರು, ಆದರೆ ಮಾತೆಲ್ಲ ಹೆಂಗಸರದ್ದು. ಕೋಳಿ ವಿಷಯದಲ್ಲಿ ಗಂಡಸರಿಗೆ ಗೊತ್ತಿರುವುದು ಸಾರಿನ ರುಚಿ ಒಂದೇ.

ಎಣಿಸಿದರೆ ಹನ್ನೊಂದು ಹುಂಜ, ಮೂವತ್ತೆಂಟು ಹ್ಯಾಟೆ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು, ಇದು ಪಶುವೈದ್ಯರೂ ಹೇಳುವ ಲೆಕ್ಕ. ಮೊಟ್ಟೆ ಇಡುವುದಕ್ಕಂತೂ ಹುಂಜವೇ ಬೇಡ. ಆದರೆ ಹುಂಜ ಇಲ್ಲದ ಮೊಟ್ಟೆಯನ್ನು ಇಪ್ಪತ್ತೊಂದು ದಿನ ಕಾವಿಗಿಟ್ಟರೂ ಕೊಳೆತು ನಾರುತ್ತದೆಯೇ ಹೊರತು ಮರಿ ಏಳುವುದಿಲ್ಲ. ಮರಿ ಏಳದಿದ್ದರೆ ಮುಂದಿನ ವರ್ಷ ಕೇರಿಯಲ್ಲಿ ಕೋಳಿ ಇಲ್ಲ. ಹಾಗಾಗಿ ನಾಕು ಹುಂಜ ಅಂತ ಸಂಖ್ಯೆ ಗೊತ್ತಾಯಿತು. ಯಾವ ನಾಕು?

ಪಂಚಾಯ್ತಿಯಿಂದ ಬಂದ ಸಾಹೇಬರು ಆಗಲೇ ಒಂದು ದಾರಿ ತೋರಿಸಿ ಹೋಗಿದ್ದರು. 'ಏನಮ್ಮ, ಆ ಕೆಂಪು ಹುಂಜ ಒಂದನ್ನ ತೆಗೆದುಬಿಡಿ, ಅದೇ ಶುರು ಮಾಡೋದಂತೆ. ಮಿಕ್ಕಿದ್ದಕ್ಕೆ ನಾನು ಹೇಳ್ಕೋತೀನಿ.' ಅವರು ಹೇಳಿದ್ದು ದೊಡ್ಡವ್ವನ ಹುಂಜವನ್ನು. ಅದರ ಹೆಸರು ಪಟೇಲ. ಎದೆ ಮುಂದೆ ಮಾಡಿಕೊಂಡು, ಸಾವಕಾಶವಾಗಿ, ಯಾರದೋ ಜಮೀನು ಅಳೆಯುವವನ ಹಾಗೆ ನಡೆಯುತ್ತದೆ ಅಂತ ಆ ಹೆಸರು. ಮೂರು ವರ್ಷದ್ದು, ಬೆಂಕಿ ಬಣ್ಣ, ದಪ್ಪ ಜುಟ್ಟು. ನಾಲ್ಕು ಗಂಟೆಯ ಸುಮಾರಿಗೆ ಮೊದಲ ಕೂಗು ಅದರದೇ, ಸುಳ್ಳಲ್ಲ.

ದೊಡ್ಡವ್ವ ಸಾಹೇಬರಿಗೆ ಹೇಳಿದ ಮಾತು: 'ಇವನ್ನ ತಗುದ್ರ ಕೇರಿ ಸುಮ್ಕಾಯ್ತದ ಅಂದ್ಕಂಡಿದ್ದರಾ ಬುದ್ಧಿ? ಇವ್ನಿಗೆ ಹೆದರ್ಕಂಡು ಮಿಕ್ಕವು ಕಾಯ್ಕಂಡವ. ಇವ್ನು ಹೋದ್ರ ಎರಡನೇವ್ನು ಎದ್ದು ಕೂಗ್ತನ.' ಇದು ಹಟದ ಮಾತೇ ಅಂತ ನೋಡಲು ನಾವು ಹುಡುಕಿದೆವು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದಾರೆ. 2013ರಲ್ಲಿ ಅವರು ಕಂಡುಕೊಂಡದ್ದು: ಹುಂಜ ಬೆಳಕು ಕಂಡು ಕೂಗುವುದಲ್ಲ, ಗಡಿಯಾರ ಅದರ ಮೈಯೊಳಗೇ ಇದೆ. ಸದಾ ಮಬ್ಬು ಬೆಳಕಿನಲ್ಲಿಟ್ಟರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ. 2015ರಲ್ಲಿ ಇನ್ನೊಂದು: ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜ ಮೊದಲು ಕೂಗುತ್ತದೆ, ಆಮೇಲೆ ಎರಡನೆಯದು, ಮೂರನೆಯದು, ಹೀಗೆ ದರ್ಜೆ ಪ್ರಕಾರ. ಮೇಲಿನದನ್ನು ಎತ್ತಿಬಿಟ್ಟರೆ ಎರಡನೆಯದು ಮೊದಲಾಗುತ್ತದೆ. ಕೋಳಿಗಳಲ್ಲೂ ಜಾತಿ ಇದೆ ಅಂತ ಈ ಸಂಶೋಧನೆ ಹಿಡಿದುಕೊಂಡು ಯಾರಾದರೂ ಬರಬಹುದು. ಅವರಿಗೆ ಹೇಳುವುದಿಷ್ಟೇ: ಪಟೇಲನ ಮಗ ಹುಟ್ಟಿನಿಂದ ಪಟೇಲನಾಗುವುದಿಲ್ಲ, ಗುದ್ದಾಡಿ ಗೆಲ್ಲಬೇಕು.

ಪಟೇಲನನ್ನು ಇಟ್ಟುಕೊಳ್ಳಲು ಇನ್ನೂ ಕಾರಣ ಇತ್ತು. ಹದ್ದು ಕಂಡರೆ ಕೊರ್ ಅಂತ ಎಚ್ಚರಿಸಿ ಮರಿಗಳನ್ನು ಲಂಟಾನದ ಪೊದೆಗೆ ಅಟ್ಟುತ್ತದೆ. ಕಾಳು ಸಿಕ್ಕರೆ ತಾನು ತಿನ್ನದೆ ಹ್ಯಾಟೆಗಳನ್ನು ಕರೆಯುತ್ತದೆ. ಮಕ್ಕಳ ಮೇಲೆ ಹಾರುವುದಿಲ್ಲ. ಎರಡು ವರ್ಷದ ಹಿಂದೆ ಕೊಕ್ಕರೆ ರೋಗ ಬಂದು ಕೇರಿಯ ಅರ್ಧ ಕೋಳಿ ಕತ್ತು ತಿರುಚಿಕೊಂಡು ಸತ್ತಾಗ ನಿಂತುಕೊಂಡದ್ದು ಇದು. ಅಂಥದರ ಬೀಜ ಬಿಡಬಾರದು ಅನ್ನುವುದು ಅವ್ವಂದಿರ ಮತ. ಪಟೇಲ ಉಳಿಯಿತು.

ಹಾಗಂತ ಅದೊಂದನ್ನೇ ಉಳಿಸಿದರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಅದಕ್ಕೇ ಸೇರಿ ಮರಿ ಸಣ್ಣಗಾಗುತ್ತವೆ. ಬೇರೆ ರಕ್ತ ಬೇಕು. ನಂಜನಗೂಡಿನ ಕಡೆಯಿಂದ ನಮ್ಮವ್ವ ತಂದ ಕತ್ತುಬೋಳ ಎರಡನೆಯದಾಗಿ ಉಳಿಯಿತು. ಕತ್ತಿನ ಮೇಲೆ ಪುಕ್ಕ ಇಲ್ಲದ ಈ ಜಾತಿ ನೋಡಲು ಚೆನ್ನಾಗಿಲ್ಲ, ಬಿಸಿಲು ತಡೆಯುತ್ತದೆ.

ಕೆಲವು ಬೇಗ ತೀರ್ಮಾನವಾದವು. ಐದಾರು ತಿಂಗಳ ನಾಕು ಹುಂಜಮರಿಗಳು ಆಗತಾನೇ ಗಂಟಲು ಒಡೆದು ಹೊತ್ತಲ್ಲದ ಹೊತ್ತಿನಲ್ಲಿ ಕಿರುಚುತ್ತಿದ್ದವು, ಅವಕ್ಕೆ ಸಂತೆ. ಒಕ್ಕಣ್ಣ ಮುದಿಯಾಗಿತ್ತು, ಕೂಗುವುದನ್ನೇ ಬಿಟ್ಟಿತ್ತು, ಹ್ಯಾಟೆಗಳ ತಂಟೆಗೂ ಹೋಗುತ್ತಿರಲಿಲ್ಲ. ಅದನ್ನು ಬೇಯಿಸಲು ಎರಡು ಹೊರೆ ಸೌದೆ ಬೇಕು ಅಂತ ನಗಾಡಿದರು. ಗಿರಿರಾಜದ ಮೇಲೆ ಸ್ವಲ್ಪ ಚರ್ಚೆ ಆಯಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ತಳಿ, ತೂಕ ಚೆನ್ನಾಗಿ ಬರುತ್ತದೆ. ಆದರೆ ಅದರ ಭಾರಕ್ಕೆ ನಾಟಿ ಹ್ಯಾಟೆಗಳ ಬೆನ್ನು ಕಿತ್ತುಹೋಗುತ್ತಿತ್ತು. ಆ ತಳಿಯ ಹ್ಯಾಟೆಗಳು ಮೊಟ್ಟೆ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ಕಾವಿಗೆ ಕೂರದ ಹ್ಯಾಟೆಯ ಮರಿಗೆ ಮತ್ತೆ ದುಡ್ಡು ಕೊಟ್ಟು ಹೊರಗಿನಿಂದಲೇ ತರಬೇಕು. ಅದೂ ಹೋಯಿತು.

ಹುಡುಗರು ಸಾಕಿದ್ದ ಜಗಳಗಂಟಿ ಹುಂಜ ಒಂದಿತ್ತು. ಉದ್ದ ಕಾಲು, ಬೆರಳುದ್ದದ ಮುಳ್ಳು. ಪಂದ್ಯದವನೊಬ್ಬ ಅದಕ್ಕೆ ಒಳ್ಳೆ ಬೆಲೆ ಹೇಳಿ ಹೋಗಿದ್ದ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ ಅಂತ ನಾವು ಹೇಳಿದೆವು. ದೊಡ್ಡವ್ವನಿಗೆ ಕಾಯ್ದೆ ಬೇಕಿರಲಿಲ್ಲ. 'ಕಾಲ್ಗ ಕತ್ತಿ ಕಟ್ಸಕಾ ಸಾಕಿದ್ದು? ನಾವೇ ಕುಯ್ಕಂಡು ಉಣ್ಣವ' ಅಂದಳು. ಹುಡುಗರು ಮುಖ ಊದಿಸಿಕೊಂಡರು. ಆದರೂ ಸಾರಿಗೆ ಬಂದರು.

ನಿಜವಾದ ಜಗಳ ಬಂದದ್ದು ಸೋದರತ್ತೆಯ ಬೂದನ ಮೇಲೆ. ಅತ್ತೆ ಗಂಡ ಇಲ್ಲದವಳು, ಸಕ್ಕರೆ ಕಾಯಿಲೆ. ಮೂರು ಹ್ಯಾಟೆ, ಒಂದು ಹುಂಜ. ಮೂರು ಹ್ಯಾಟೆಗೆ ಹುಂಜ ಯಾಕೆ, ಪಟೇಲನೇ ಸಾಕಲ್ಲ ಅಂತ ಯಾರೋ ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಅತ್ತೆ ಎದ್ದು ನಿಂತಳು.

'ನನ್ ಹುಂಜ ನಿಮ್ ಹ್ಯಾಟೆ ಹತ್ರಕ ಬಂದಾಗ ಮೊಟ್ಟೆ ಲೆಕ್ಕ ಕೇಳಿದ್ನಾ ನಾನು? ಇದ ಬುಟ್ರ ನನ್ ಕೈಲಿ ಇನ್ನೇನದ? ಸೂಜಿಮದ್ದು ಮುಗುದ್ರ ಯಾವ್ದ ಮಾರ್ಲಿ, ಮೂರ್ ಹ್ಯಾಟೆನಾ?'

ಹ್ಯಾಟೆ ಅಸಲು, ಹುಂಜ ಬಡ್ಡಿ. ಬಡ್ಡಿ ಮುರಿದು ಉಣ್ಣಬಹುದು, ಅಸಲು ಮುಟ್ಟಬಾರದು. ಕೇರಿಯ ಹೆಂಗಸರಿಗೆ ಬ್ಯಾಂಕಿನ ಪುಸ್ತಕ ಬರುವ ಮುಂಚೆಯಿಂದ ಇರುವ ಲೆಕ್ಕ ಇದು. ನಾಟಿ ಹುಂಜಕ್ಕೆ ಫಾರಂ ಕೋಳಿಯ ಎರಡು ಪಟ್ಟು ಬೆಲೆ. ನಮ್ಮ ಎರಡನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಿದ್ದು ಒಂದು ಕಪ್ಪು ಹುಂಜ. ಪದವಿ ಪತ್ರದಲ್ಲಿ ಅದರ ಹೆಸರಿಲ್ಲ. ಹಾಗಿರುವಾಗ ಹ್ಯಾಟೆ ಎಣಿಸಿ ಅತ್ತೆಯ ಹುಂಜ ಕಿತ್ತುಕೊಂಡರೆ, ಇದ್ದವರಿಗೆ ಇನ್ನಷ್ಟು, ಇಲ್ಲದವರಿಗೆ ಖಾಲಿ ಅನ್ನುವ ಹಳೇ ನ್ಯಾಯವೇ ಆಗುತ್ತಿತ್ತು. ಬೂದ ಮೂರನೆಯದಾಗಿ ಉಳಿಯಿತು. ಹುಂಜ ಕಳೆದುಕೊಂಡ ಮನೆಗಳಿಗೆ, ಹುಂಜ ಉಳಿದ ಮನೆಯವರು ಮುಂದಿನ ಪ್ರತಿ ಕಾವಿನಲ್ಲಿ ಎರಡೆರಡು ಮರಿ ಕೊಡಬೇಕು ಅಂತ ಮಾತಾಯಿತು. ಅತ್ತೆಗೆ ಅದರಿಂದಲೂ ವಿನಾಯ್ತಿ ಕೊಟ್ಟೆವು. ಇದಕ್ಕೆ ಒಬ್ಬಿಬ್ಬರು ಇನ್ನೂ ಗೊಣಗುತ್ತಿದ್ದಾರೆ.

ನಾಲ್ಕನೆಯದು ಚಿಕ್ಕವ್ವನ ಹರಕೆ ಹುಂಜ. ಸದ್ದೇ ಅಳತೆಯಾದರೆ ಮೊದಲು ಹೋಗಬೇಕಾದ್ದು ಅದೇ. ರಾತ್ರಿ ಎರಡಕ್ಕೆ ಕೂಗುವುದು ಅದೊಂದೇ. ಮಗಳಿಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾರಮ್ಮನಿಗೆ ಅಂತ ಬಿಟ್ಟ ಹುಂಜ. ಮಾರುವ ಹಾಗಿಲ್ಲ, ಹಬ್ಬಕ್ಕೆ ಮುಂಚೆ ಕೊಯ್ಯುವ ಹಾಗಿಲ್ಲ. ಹರಕೆ ಗಿರಕೆ ನಾವು ನಂಬುವುದಿಲ್ಲ. ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು 1959ರ ಕಾಯ್ದೆ ತಡೆದಿದೆ ಅಂತಲೂ ಗೊತ್ತು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ನಮ್ಮ ಜನ ತಮ್ಮ ಪಾಡಿಗೆ ಬೇಯಿಸಿ ಕೂಡಿ ಉಣ್ಣುವುದಕ್ಕೂ ಎಷ್ಟು ತಡೆ ಬಂದಿವೆ ಅಂತಲೂ ಗೊತ್ತು. ಆದರೆ ಆ ಹುಂಜದ ಕಡೆ ನೋಡುವಾಗ ಚಿಕ್ಕವ್ವ ನೋಡುವುದು ಬದುಕಿ ಬಂದ ಮಗಳನ್ನು. ವಿಚಾರವಾದ ಹೇಳಲು ನಮಗೆ ಬಾಯಿ ಬರಲಿಲ್ಲ.

ಎರಡಕ್ಕೆ ಯಾಕೆ ಕೂಗುತ್ತದೆ ಅಂತ ಎರಡು ರಾತ್ರಿ ಎದ್ದು ಕೂತು ನೋಡಿದೆವು. ಬಡಾವಣೆಯ ಮೂಲೆಯಲ್ಲಿ ಹೈಮಾಸ್ಟ್ ದೀಪ ಇದೆ, ಅದರ ಬೆಳಕು ಕಾಂಪೌಂಡು ದಾಟಿ ನೇರ ಚಿಕ್ಕವ್ವನ ಹಿತ್ತಲಿಗೆ ಬೀಳುತ್ತದೆ. ಜೊತೆಗೆ ರಾತ್ರಿ ಪಾಳಿ ಮುಗಿಸಿದವರನ್ನು ಬಿಡಲು ಎರಡಕ್ಕೆ ಕಾರು ಬರುತ್ತದೆ, ಅದರ ದೀಪ ಗೂಡಿನ ಮೇಲೆ ಹಾಯುತ್ತದೆ. ಒಳಗಿನ ಗಡಿಯಾರ ಇದ್ದರೂ, ಏಕಾಏಕಿ ಬೀಳುವ ಬೆಳಕಿಗೂ ಸದ್ದಿಗೂ ಹುಂಜ ಕೂಗುತ್ತದೆ ಅಂತ ಆ ಜಪಾನಿನವರೇ ಬರೆದಿದ್ದಾರೆ. ಕಾರು ಬಂತು, ಹುಂಜ ಕೂಗಿತು. ಎರಡು ರಾತ್ರಿಯೂ ಹಾಗೇ.

ಕತ್ತಿಗೆ ಪಟ್ಟಿ ಕಟ್ಟಿದರೆ ಗಾಳಿ ಪೂರಾ ಬಾರದೆ ಕೂಗು ಸಣ್ಣದಾಗುತ್ತದಂತೆ, ಹೊರದೇಶದಲ್ಲಿ ಅಂಥ ಪಟ್ಟಿ ಮಾರುತ್ತಾರೆ ಅಂತ ನಾವು ಓದಿ ಹೇಳಿದೆವು. ದೊಡ್ಡವ್ವ ನಮ್ಮನ್ನು ದುರುಗುಟ್ಟಿ ನೋಡಿದಳು. 'ಕತ್ಗ ಪಟ್ಟಿ ಕಟ್ಟಿ ಕೂಗ್ಬ್ಯಾಡ ಅನ್ನದಕಿಂತ ಕುಯ್ಕಂಡು ಉಣ್ಣದು ಮೇಲು ಕನ್ ಮಗ.' ಆ ಮಾತು ಅಲ್ಲಿಗೇ ಮುಗಿಯಿತು. ಚಿಕ್ಕವ್ವ ಈಗ ಹರಕೆ ಹುಂಜವನ್ನು ಸಂಜೆಗೇ ಮನೆಯೊಳಗೆ ತಂದು ಮಂಕರಿ ಕವುಚಿ, ಮೇಲೆ ಗೋಣಿಚೀಲ ಹೊದಿಸುತ್ತಾಳೆ. ಎರಡಕ್ಕೆ ಕೂಗುವುದಿಲ್ಲ. ನಾಲ್ಕಕ್ಕೆ ಪಟೇಲ ಶುರು ಮಾಡಿದಾಗ ಒಳಗಿನಿಂದಲೇ ಕೂಗುತ್ತದೆ, ಅವಳ ಕಿವಿಯ ಪಕ್ಕ.

ಪಂಚಾಯ್ತಿಗೆ ಉತ್ತರ ನಾವು ಕನ್ನಡದಲ್ಲಿ ಬರೆದೆವು. ಹನ್ನೊಂದರಲ್ಲಿ ಏಳು ತೆಗೆದಿದ್ದೇವೆ, ನಾಕು ಇರುತ್ತವೆ, ಅವು ಬೆಳಗಿನ ಜಾವ ಕೂಗುತ್ತವೆ, ಅದನ್ನು ನಿಲ್ಲಿಸುವ ಉಪಾಯ ನಮ್ಮಲ್ಲಿಲ್ಲ. ಹೈಮಾಸ್ಟ್ ದೀಪಕ್ಕೆ ಕೇರಿಯ ಕಡೆ ಒಂದು ತಗಡು ಅಡ್ಡ ಕಟ್ಟಿಸಿಕೊಡಬೇಕು. ಹೆಂಗಸರೇ ಸಹಿ ಮಾಡಿದರು, ಕೆಲವರು ಹೆಬ್ಬೆಟ್ಟು. ಅತ್ತೆ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ತನ್ನ ಹೆಸರು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ತಗಡು ಇನ್ನೂ ಬಂದಿಲ್ಲ. ಒಂಬತ್ತನೇ ನಂಬರಿನ ಅಮ್ಮನವರು ಅವ್ವನ ಹತ್ತಿರ ಹುಂಜದ ಮಾತೆತ್ತಲಿಲ್ಲವಂತೆ, ಮೊಟ್ಟೆ ಮಾತ್ರ ಯಾಕೆ ತರಲಿಲ್ಲ ಅಂತ ಕೇಳಿದರಂತೆ.

ತರದಿದ್ದದ್ದು ಯಾಕೆಂದರೆ ಅವ್ವನ ಎರಡು ಹ್ಯಾಟೆ ಕಾವಿಗೆ ಕೂತಿವೆ. ಒಂದರ ಕೆಳಗೆ ಹನ್ನೊಂದು ಮೊಟ್ಟೆ, ಇನ್ನೊಂದರ ಕೆಳಗೆ ಒಂಬತ್ತು. ಎದ್ದ ಮರಿಗಳಲ್ಲಿ ಅರ್ಧದಷ್ಟಾದರೂ ಹುಂಜವೇ ಇರುತ್ತವೆ. ಐದನೇ ತಿಂಗಳಿಗೆ ಗಂಟಲು ಒಡೆಯುತ್ತದೆ. ಯಾವ ಮನೆಗೆ ಯಾವ ಮರಿ ಅಂತ ಅವ್ವ ಈಗಲೇ ಹೇಳುತ್ತಿದ್ದಾಳೆ.